ಮೂರನೇ ಅಂಕದಲ್ಲಿ ಕೆಮ್ಮಿದವರಿಗೆ

ಖಣಿಯೂರು, ಕಪ್ಪತಗುಡ್ಡದ ಕೆಳಗೆ
ಮೌನವಾರ, ಫೆಬ್ರುವರಿ ೩೧, ೨೨೮೮

ಹೆಸರು ಗೊತ್ತಿಲ್ಲದ ಹಿರಿಯರೇ, ಶರಣು.

ಮೇಲಿನ ತಾರೀಖು ನೋಡಿ ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಈ ದಿನವೂ ಇಲ್ಲ, ಈ ವಾರವೂ ಇಲ್ಲ ಎಂಬುದು ನನಗೆ ಗೊತ್ತಿದೆ. ನಮ್ಮಲ್ಲಿ ವಾರಕ್ಕೆ ಎಂಟು ದಿನ. ಎಂಟನೆಯದು ಮೌನವಾರ, ಅಂದು ಊರಿನಲ್ಲಿ ಯಾರೂ ಸದ್ದು ಮಾಡುವಂತಿಲ್ಲ. ಅದೊಂದನ್ನು ತುರುಕಲು ಹೋಗಿ ತಿಂಗಳುಗಳನ್ನೆಲ್ಲ ಹಿಗ್ಗಿಸಿಟ್ಟರು. ನನ್ನ ಬರಹದಲ್ಲಿ ನೀವು ಕೇಳಿರದ ಪದಗಳು ಬಂದರೆ ಮನ್ನಿಸಿ, ಬಂದಲ್ಲಿಯೇ ಬಿಡಿಸಿ ಹೇಳುತ್ತೇನೆ. ಈ ಕಾಗದ ಹಿಂದಕ್ಕೆ ಹೇಗೆ ಬಂತು ಎಂದು ಮಾತ್ರ ಕೇಳಬೇಡಿ. ನಿಮ್ಮ ಕೆಮ್ಮು ಇಷ್ಟು ತಲೆಮಾರು ದಾಟಿ ನಮ್ಮ ಮನೆಯೊಳಗೆ ಬಂತಲ್ಲ, ಇದೂ ಹಾಗೆಯೇ ಬಂತು ಅಂದುಕೊಳ್ಳಿ.

ನನ್ನ ಹೆಸರು ಕಾಶವ್ವ. ಈ ಊರಿನ ನಾಟಕ ಕಂಪನಿಯ ಪೇಟಿ ಮಾಸ್ತರು ನಾನು. ಪೇಟಿ ನಿಮ್ಮ ಕಾಲದ್ದೇ, ಕಾಲಿನಿಂದ ಗಾಳಿ ತುಂಬಿ ನುಡಿಸುವ ಹಾರ್ಮೋನಿಯಂ. ಅದು ನಮ್ಮವ್ವನಿಂದ ನನಗೆ ಬಂದದ್ದು. ತಿದಿಗೆ ವಯಸ್ಸಾಗಿ ಗೊರಗೊರ ಅನ್ನುತ್ತದೆ. ನನ್ನ ಎದೆಯೂ ಹಾಗೆಯೇ ಅನ್ನುತ್ತದೆ, ಇಬ್ಬರಿಗೂ ಹೊಂದಿಕೆಯಾಗಿದೆ. ಹೊಂದಿಕೆಯಾಗಿತ್ತು ಅನ್ನಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ನಮ್ಮ ಊರನ್ನು ತಿಳಿಯಿರಿ. ನೆಲದ ಮೇಲಿನ ಬಿಸಿಲು ತಾಳಲಾಗದೆ ನಮ್ಮ ಮುತ್ತಜ್ಜಂದಿರು ಹಳೆಯ ಕಲ್ಲಿನ ಖಣಿಗಳಿಗೆ ಇಳಿದರು. ಖಣಿಯ ಗೋಡೆಗಳಲ್ಲಿ ಮನೆ ಕೊರೆದು, ಒಂದರ ಮೇಲೊಂದು ಅಂತಸ್ತು ಮಾಡಿ, ತಳದಲ್ಲಿ ನೀರಿನ ಕಟ್ಟೆ ಕಟ್ಟಿದರು. ತಂಪೇನೋ ಸಿಕ್ಕಿತು. ಆದರೆ ಕಲ್ಲಿನ ಗುಂಡಿಯಲ್ಲಿ ಒಬ್ಬರ ಮನೆಯ ತಾಟು ಬಿದ್ದರೆ ಊರಿಗೆಲ್ಲ ಕೇಳಿಸುತ್ತದೆ. ಗಂಡ ಹೆಂಡತಿಯ ಜಗಳ, ಕೂಸಿನ ಅಳು, ಮುದುಕರ ಗೊರಕೆ, ಎಲ್ಲವೂ ಎಲ್ಲರಿಗೂ. ಇದಕ್ಕಾಗಿ ಹೊಡೆದಾಟಗಳಾಗಿ ತಲೆಗಳು ಒಡೆದ ಮೇಲೆ ಶ್ರವಣ ಮಂಡಳಿ ಹುಟ್ಟಿತು. ಮಂಡಳಿ ಮನೆಮನೆಗೂ ಕಿವಿಗುಂಡಿ ಹಂಚಿತು. ಕಿವಿಯೊಳಗೆ ಕೂರುವ ಸಣ್ಣ ಯಂತ್ರ ಅದು. ಹೊರಗಿನ ಸದ್ದನ್ನು ತಡೆದು, ನಿಮಗೆ ಯಾವುದು ಹಿತವೋ ಅದನ್ನಷ್ಟೇ ಕೇಳಿಸುತ್ತದೆ. ಅದರೊಳಗೆ ಬರುವುದು ಒಗ್ಗುಹಾಡು, ಅಂದರೆ ಕೇಳುವವರ ಮನಸ್ಸಿಗೆ ತಕ್ಕಂತೆ ತಾನೇ ಬದಲಾಗುವ ಹಾಡು. ನಾನು ಕೇಳಿದ ಹಾಡನ್ನು ನನ್ನ ಮಗ್ಗುಲಲ್ಲಿ ಕೂತವಳು ಕೇಳಿರುವುದಿಲ್ಲ.

ಜಗಳ ನಿಂತಿತು, ಸುಳ್ಳು ಹೇಳಲಾರೆ. ಆದರೆ ನಮ್ಮ ಮದುವೆಗಳನ್ನು ನೀವು ನೋಡಬೇಕು. ವರನಿಗೆ ಒಂದು ವಾಲಗ, ವಧುವಿಗೆ ಇನ್ನೊಂದು; ಒಟ್ಟಿಗೆ ಹೆಜ್ಜೆ ಹಾಕಲು ಹೋಗಿ ಒಬ್ಬರ ಕಾಲು ಒಬ್ಬರು ತುಳಿಯುತ್ತಾರೆ. ನನ್ನ ಗಂಡನ ಮಣ್ಣಿನ ದಿನ ಅವನ ಖಾಸಾ ತಮ್ಮ ಮೂಲೆಯಲ್ಲಿ ನಿಂತು ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಪಾಪ, ಅವನ ಕಿವಿಗುಂಡಿಗೆ ಅವನು ಅಳುವುದು ಬೇಡವಾಗಿತ್ತು. ನನಗೆ ಆ ದಿನ ಹುಟ್ಟಿದ ಸಿಟ್ಟು ಇನ್ನೂ ಆರಿಲ್ಲ. ರೊಟ್ಟಿಯ ಕಥೆಯಂತೂ ಕೇಳಲೇಬೇಡಿ. ರೊಟ್ಟಿ ಬಡಿಯುವ ಸದ್ದು ಕಲ್ಲಿಗೆ ತಾಗಿ ಊರು ಸುತ್ತುತ್ತದೆಂದು ಮಂಡಳಿ ಎಲ್ಲರಿಗೂ ಮೆತ್ತಮಣೆ ಕೊಟ್ಟಿದೆ. ಅದು ರಬ್ಬರಿನಂಥ ಹಲಗೆ; ಅದರ ಮೇಲೆ ಬಡಿದರೆ ಸದ್ದೂ ಏಳುವುದಿಲ್ಲ, ರೊಟ್ಟಿಯೂ ತೆಳ್ಳಗಾಗುವುದಿಲ್ಲ. ಚಪ್ಪಲಿಯಷ್ಟು ದಪ್ಪ ರೊಟ್ಟಿ ತಿಂದುಕೊಂಡು ಶಾಂತಿಯಿಂದ ಬದುಕಿದ್ದೇವೆ.

ಇಂಥ ಊರಿನಲ್ಲಿ ನಾಟಕ ಕಂಪನಿ ಯಾಕೆ ಎನ್ನುತ್ತೀರಾ? ಮಂಡಳಿಯೇ ಪರವಾನಗಿ ಕೊಟ್ಟು ನಡೆಸುತ್ತದೆ. ನಾವು ಬಾಗಿಲು ಮುಚ್ಚಿದ ಕೋಣೆಯಲ್ಲಿ ಆಡುತ್ತೇವೆ, ಜನ ಅವರವರ ಮನೆಯಲ್ಲಿ ಅವರವರಿಗೆ ಬೇಕಾದ ಹಾಗೆ ಕೇಳುತ್ತಾರೆ. ಎದುರಿಗೆ ಜನ ಕೂತು ನೋಡುವುದನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ನಮ್ಮ ಪೆದ್ದುತನಕ್ಕೆಲ್ಲ ಇದೇ ಮೂಲ.

ನಮ್ಮ ಕಂಪನಿಯಲ್ಲಿ ರಾಜಪಾರ್ಟು ಮಾಡುವ ಬಿಷ್ಟಪ್ಪ ಉಳಿದ ವೇಳೆ ನೀರಿನ ಪಂಪು ರಿಪೇರಿ ಮಾಡುತ್ತಾನೆ. ಪೈಪಿಗಾಗಿ ಗೋಡೆ ಒಡೆಯುವಾಗ ಅವನಿಗೆ ನಿಮ್ಮ ಕಾಲದ ಮೊಬೈಲೊಂದು ಸಿಕ್ಕಿತು. ಅದಕ್ಕೆ ಹೇಗೋ ಜೀವ ಬರಿಸಿದ. ಅದರೊಳಗೆ ಚಿತ್ರವಿರಲಿಲ್ಲ, ಬರೀ ಕತ್ತಲೆ. ನೀವು ಅದನ್ನು ಜೇಬಿನಲ್ಲೋ ಸೆರಗಿನೊಳಗೋ ಇಟ್ಟುಕೊಂಡಿದ್ದಿರಿ ಅಂತ ಕಾಣುತ್ತದೆ. ಆದರೆ ಧ್ವನಿ ಇತ್ತು. ಒಂದು ಇಡೀ ಕಂಪನಿ ನಾಟಕದ ಧ್ವನಿ. "ಬಳೆಗಾರ್ತಿ ಭಾಗೀರಥಿ ಅರ್ಥಾತ್ ಗೆದ್ದ ಗಾಜು". ನೀವು ನೋಡಿದ ನಾಟಕ, ಕಥೆ ನಿಮಗೆ ಗೊತ್ತು. ನನ್ನ ಸಮಾಧಾನಕ್ಕೆ ಹೇಳುತ್ತೇನೆ. ಬಳೆಗಳ ಸದ್ದಿನಿಂದ ನಿದ್ದೆ ಕೆಡುತ್ತದೆಂದು ದೇಸಾಯಿ ಊರಿಗೆಲ್ಲ ಗಾಜಿನ ಬಳೆ ನಿಷೇಧಿಸುತ್ತಾನೆ. ಭಾಗೀರಥಿ ಕೇಳುವುದಿಲ್ಲ, ಮನೆಮನೆಗೆ ಹೋಗಿ ಬಳೆ ಇಡುತ್ತಾಳೆ. ದೇಸಾಯಿ ಅವಳಿಗೆ ವಿಷ ಹಾಕಿಸುತ್ತಾನೆ, ಮೂರನೇ ಅಂಕದಲ್ಲಿ ಅವಳು ಹಾಡುತ್ತ ಸಾಯುತ್ತಾಳೆ. ಸದ್ದಿಗೆ ಅಂಜುವ ಊರಿನಲ್ಲಿ ಕೂತು ಇದನ್ನು ಕೇಳಿದ ನಮಗೆ ಮೈ ಜುಮ್ಮೆಂದಿತು. ಆಡಿದರೆ ಇದನ್ನೇ ಆಡಬೇಕು ಎಂದು ಕೂತ ಕಾಲಲ್ಲೇ ತೀರ್ಮಾನಿಸಿದೆವು.

ಭಾಗೀರಥಿಯ ಪಾತ್ರಕ್ಕೆ ಹಸೀನಾ ನಿಂತಳು. ಇಪ್ಪತ್ತು ದಾಟಿದ ಹುಡುಗಿ, ನಾನೇ ಸ್ವರ ತಿದ್ದಿದವಳು, ಮೂಗಿನ ತುದಿಯಲ್ಲೇ ಸಿಟ್ಟು. ಮೊಬೈಲಿನಲ್ಲಿ ಕೇಳಿದ್ದನ್ನೆಲ್ಲ ಒಂದೂ ಬಿಡದೆ ಕಲಿತೆವು. ಒಂದೂ ಬಿಡದೆ ಎಂದರೆ ಏನು ಎಂದು ಕೇಳಿ. ದೇಸಾಯಿಯ ದರ್ಬಾರಿನ ನಡುವೆ "ಶೇಂಗಾ ಬೇಕೇನ್ರೀ, ಶೇಂಗಾ" ಎಂದು ಒಬ್ಬ ಕೂಗುತ್ತಾನಲ್ಲ, ಅವನನ್ನು ವೈರಿಯ ಗೂಢಚಾರ ಎಂದು ತಿಳಿದು ಅದಕ್ಕೊಂದು ಪಾತ್ರ ಕಟ್ಟಿದೆವು. ಸೋಡಾ ಬಾಟಲಿಯ ಟಪ್ ಎಂಬ ಸದ್ದನ್ನು ದೇಸಾಯಿಯ ಪಾಪ ಸಿಡಿಯುವ ಸಂಕೇತವೆಂದು ತಬಲಾದಲ್ಲಿ ನುಡಿಸಿದೆವು. ಮೂರನೇ ಅಂಕದಲ್ಲಿ ಭಾಗೀರಥಿ ವಿಷ ಕುಡಿಯುವ ಮುಂಚೆ ನೀವು ಕೆಮ್ಮುತ್ತೀರಿ. ಮೊಬೈಲಿಗೆ ಹತ್ತಿರವಿದ್ದದ್ದು ನೀವೇ, ಆದ್ದರಿಂದ ಇಡೀ ನಾಟಕದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕೇಳುವುದು ನಿಮ್ಮ ಕೆಮ್ಮು. ಅದು ಯಮನ ಆಗಮನವೆಂದು ನಿಶ್ಚಯಿಸಿ ಬಿಷ್ಟಪ್ಪನಿಗೆ ವಹಿಸಿದೆವು. ಅವನು ಅದನ್ನು ಎಷ್ಟು ಅಭ್ಯಾಸ ಮಾಡಿದನೆಂದರೆ ನಿಜವಾಗಿಯೂ ಗಂಟಲು ಕೆಡಿಸಿಕೊಂಡ.

ಇನ್ನು ಆ ಕೂಗು. ಭಾಗೀರಥಿ ಸತ್ತು ಬೀಳುತ್ತಾಳೆ. ಒಂದು ಕ್ಷಣ ಎಲ್ಲ ಸುಮ್ಮನೆ. ಆಗ ನೀವು, ಒಬ್ಬರೇ, ಒಡೆದ ಗಂಟಲಿನಲ್ಲಿ "ಒನ್ಸ್ ಮೋರ್!" ಎಂದು ಕೂಗುತ್ತೀರಿ. ನಿಮ್ಮ ಹಿಂದೆ ನೂರಾರು ದನಿ. ಸತ್ತವಳು ಎದ್ದು ಅದೇ ಹಾಡನ್ನು ಮತ್ತೆ ಹಾಡಿ ಮತ್ತೆ ಸಾಯುತ್ತಾಳೆ. ಮತ್ತೆ ಕೂಗು, ಮತ್ತೆ ಏಳುತ್ತಾಳೆ. ಮೂರನೇ ಸಲ ಅವಳು ನಗುತ್ತ, ಏದುಸಿರು ಬಿಡುತ್ತ ಹೇಳುತ್ತಾಳೆ: "ಸಾಕ್ರೆಪ್ಪಾ, ಇನ್ನರ ಸಾಯಾಕ ಬಿಡ್ರಿ!" ನಮ್ಮಲ್ಲಿ ಯಾರಿಗೂ ಇಂಗ್ಲಿಷ್ ಬಾರದು. ಅದು ಸತ್ತವರನ್ನು ಎಬ್ಬಿಸುವ ಮಂತ್ರವೆಂದು ನಾವು ನಂಬಿದೆವು. ತಾಲೀಮಿನ ಮುಂಚೆ ಕೈಕಾಲು ತೊಳೆದುಕೊಂಡು ಆ ಮಂತ್ರ ಹೇಳಿದೆವು. ಸಾಯಲು ಬಿಡಿ ಎಂಬ ಮಾತನ್ನು ಹಸೀನಾ ಕಣ್ಣಲ್ಲಿ ನೀರು ತಂದುಕೊಂಡು, ವೇದಾಂತಿಯ ಹಾಗೆ ಹೇಳುತ್ತಿದ್ದಳು. ನಗುತ್ತಿದ್ದೀರಾ? ನಗಿರಿ, ಪರವಾಗಿಲ್ಲ.

ಬಿಷ್ಟಪ್ಪ ತಾನೇ ಮಾಡಿದ ಧ್ವನಿತಂತಿಯ, ಅಂದರೆ ಸದ್ದನ್ನು ಹಿಡಿದಿಡುವ ತಂತಿಯ ಮೇಲೆ ನಾಟಕವನ್ನೆಲ್ಲ ಮುದ್ರಿಸಿದ. ಪರವಾನಗಿಯ ನಿಯಮದಂತೆ ಅದನ್ನು ಮೊದಲು ಮಂಡಳಿಗೆ ಕೇಳಿಸಬೇಕು. ಕೇಳಲು ಬಂದದ್ದು ತೇಜೋವತಿ ಎಂಬ ಅಧಿಕಾರಿ. ಒಳ್ಳೆಯ ಹೆಣ್ಣುಮಗಳು, ಹಳೆಯ ಭಾಷೆಗಳನ್ನು ಓದಿದವಳು. ಶೇಂಗಾ ಬಂದಾಗ ತುಟಿ ಕಚ್ಚಿಕೊಂಡಳು. ಬಿಷ್ಟಪ್ಪ ಕೆಮ್ಮಿದಾಗ ಸೆರಗು ಬಾಯಿಗೆ ಹೋಯಿತು. ಹಸೀನಾ ಏಳುವ ಹೊತ್ತಿಗೆ ತಡೆಯಲಾಗದೆ ನಕ್ಕುಬಿಟ್ಟಳು. ಆಮೇಲೆ ಪಾಪ, ಮೆತ್ತಗೆ ಹೇಳಿದಳು: "ಅಮ್ಮಾರ, ಇದು ಮಂತ್ರ ಅಲ್ರೀ. ನಾಟಕ ನೋಡಾಕ ಬಂದ ಮಂದಿ ಕೂಗಿದ್ದು. ಹಾಡು ಮನಸಿಗಿ ಬಂದ್ರ ಇನ್ನೊಮ್ಮೆ ಹಾಡ್ರಿ ಅಂತ ಕೇಳ್ತಿದ್ರು. ಆ ಕೆಮ್ಮೂ ಅಷ್ಟ, ಯಾರಿಗೋ ನೆಗಡಿ ಆಗಿತ್ತು."

ನಮಗೆಲ್ಲ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಬಿಷ್ಟಪ್ಪ ತಲೆ ತಗ್ಗಿಸಿ ಕೂತ. ತೇಜೋವತಿ ಮಂಡಳಿಯ ತೀರ್ಪನ್ನೂ ಹೇಳಿದಳು. ನಮ್ಮ ಮುದ್ರಣ ಚೆನ್ನಾಗಿದೆ. ಅದನ್ನು ಒಗ್ಗಿಸಿ ಎಲ್ಲ ಖಣಿಯೂರುಗಳ ಕಿವಿಗೂ ಕಳಿಸುತ್ತಾರೆ. ಒಗ್ಗಿಸದೆ ಹಾಗೆಯೇ ಯಾರಿಗಾದರೂ ಕೇಳಿಸಿದರೆ ಕಂಪನಿ ಮುಚ್ಚುತ್ತದೆ, ಪೇಟಿ ಜಪ್ತಿಯಾಗುತ್ತದೆ. ಒಗ್ಗಿಸಿದರೆ ಹೇಗಿರುತ್ತದೆಂದು ನಮ್ಮ ಕಿವಿಗಳಿಗೇ ತೋರಿಸಿದಳು. ನನ್ನ ಕಿವಿಯಲ್ಲಿ ಪೇಟಿಯ ಗೊರಗೊರ ಇರಲಿಲ್ಲ, ತೊಳೆದ ತಾಟಿನ ಹಾಗೆ ಬೋಳಾಗಿತ್ತು. ಬಿಷ್ಟಪ್ಪನ ಕಿವಿಯಲ್ಲಿ ಭಾಗೀರಥಿ ಸಾಯಲೇ ಇಲ್ಲ, ದೇಸಾಯಿಯೇ ಕ್ಷಮೆ ಕೇಳಿ ಬಳೆ ಇಡಿಸಿಕೊಂಡ. ಹಸೀನಾಳಿಗೆ ಕೇಳಿಸಿದ್ದು ಅವಳ ದನಿಯೇ ಅಲ್ಲ, ಅವಳಿಗೆ ಹಿಡಿಸುವ ಇನ್ಯಾರದೋ ದನಿ. ಅವಳು ಕಿವಿಗುಂಡಿ ಕಿತ್ತು ನೆಲಕ್ಕೆ ಒಗೆದಳು. "ನಾ ಸಾಯದ ಇದ್ರ ಏಳೂದರ ಹ್ಯಾಂಗ?" ಎಂದಳು.

ತೇಜೋವತಿ ಹೋದ ಮೇಲೆ ನಮ್ಮೊಳಗೇ ಜಗಳ ಹತ್ತಿತು. ಕೆಲವರು ಒಪ್ಪಿಕೊಳ್ಳೋಣ, ಹಾಡಾದರೂ ಊರೂರಿಗೆ ಹೋಗುತ್ತದೆ ಎಂದರು. ನನಗೂ ಪೇಟಿಯ ಆಸೆ ಇರಲಿಲ್ಲವೆಂದಲ್ಲ. ಆದರೆ ತೇಜೋವತಿಯ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಮಂತ್ರವಲ್ಲವಂತೆ, ಮಂದಿಯಂತೆ! ದೇವರಿಲ್ಲದೆ, ಋಷಿಯಿಲ್ಲದೆ, ನೆಗಡಿ ಹಿಡಿದ, ಶೇಂಗಾ ತಿನ್ನುವ ಸಾಮಾನ್ಯ ಮಂದಿ ಬಾಯಿಬಿಟ್ಟು ಕೇಳಿದರೆ ಸತ್ತವಳು ಏಳುತ್ತಿದ್ದಳಂತೆ. ಅವರೆಲ್ಲ ಒಂದೇ ಹಾಡನ್ನು ಒಂದೇ ಗಳಿಗೆಯಲ್ಲಿ ಕೇಳಿದ್ದರಂತೆ. ನನಗೆ ನಾಚಿಕೆ ಹೋಯಿತು, ಹೊಟ್ಟೆಕಿಚ್ಚು ಬಂತು. ನಿಮ್ಮ ಮೇಲೆ, ಹಿರಿಯರೇ. ಮಂತ್ರವಾಗಿದ್ದರೆ ಬಿಟ್ಟುಕೊಡುತ್ತಿದ್ದೆನೇನೋ, ಮಂದಿಯ ಕೂಗನ್ನು ಬಿಟ್ಟುಕೊಡಲಾರೆ ಎಂದು ಎಲ್ಲರ ಮುಂದೆ ಹೇಳಿದೆ. ಊರಿಗೆಲ್ಲ ಒಮ್ಮೆಗೇ, ಇದ್ದ ಹಾಗೆಯೇ ಕೇಳಿಸುವುದು ಎಂದು ನಿರ್ಧಾರವಾಯಿತು.

ಆಗ ಹಸೀನಾ ಹೊಸ ಹಟ ಹಿಡಿದಳು. "ಕೂಗು ಮಂದೀದು ಅಂದಮ್ಯಾಲೆ ನಾವ ಕೂಗಿಕೊಳ್ಳೂದು ಮೋಸ ಆಗ್ತೈತಿ ಆಯಿ. ಮೂರನೇ ಅಂಕದಾಗ ಅದನ್ನ ತಗದಬಿಡ್ರಿ. ಖಾಲಿ ಬಿಡ್ರಿ. ಮಂದಿ ಕೂಗಿದ್ರ ಏಳ್ತೀನಿ, ಇಲ್ಲಂದ್ರ ಸತ್ತ ಬಿದ್ದಿರ್ತೀನಿ." ಕೂಗುವುದು ಹೋಗಲಿ, ನಮ್ಮೂರಿನವರಿಗೆ ಪಕ್ಕದ ಮನೆಯವರ ಹೆಸರು ಕರೆದೇ ಗೊತ್ತಿಲ್ಲ. ಆದರೆ ಅವಳ ಮಾತು ಸರಿಯಿತ್ತು. ಮೊದಲ ಅಂಕದಲ್ಲಿ ದೇಸಾಯಿಯ ಗೊರಕೆ ಹಾಡಿನ ಹಿಂದೆ ಮಾತ್ರ ನಮ್ಮ "ಒನ್ಸ್ ಮೋರ್" ಕೂಗು ಉಳಿಸಿದೆವು, ಕೂಗಿದರೆ ಹಾಡು ಮರಳುತ್ತದೆ ಎಂದು ಜನಕ್ಕೆ ತಿಳಿಯಲಿ ಅಂತ. ಬಿಷ್ಟಪ್ಪನ ಕೆಮ್ಮನ್ನೂ ತೆಗೆದೆವು. ಭಾಗೀರಥಿ ಎದ್ದು ಹಾಡುವುದನ್ನು ಬೇರೆ ಸುರುಳಿಗೆ ಸುತ್ತಿಟ್ಟೆವು. ಯಾರೂ ಕೇಳದಿದ್ದರೆ ಆ ಸುರುಳಿ ನನ್ನ ಉಡಿಯಲ್ಲೇ ಉಳಿಯತಕ್ಕದ್ದು.

ದಿನ ಆರಿಸುವುದು ಕಷ್ಟವಾಗಲಿಲ್ಲ. ಮೌನವಾರ ಒಂದೇ ದಿನ ಮಂಡಳಿ ಎಲ್ಲರ ಕಿವಿಗುಂಡಿಗಳನ್ನೂ ಬಂದ್ ಮಾಡುತ್ತದೆ, ಕಿವಿಗೆ ವಿಶ್ರಾಂತಿ ಅಂತ. ಊರಿಗೆ ಊರೇ ಬರಿಗಿವಿಯಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತದೆ. ಅನುಮಾನ ಬಂದ ಮಂಡಳಿ ಕಂಪನಿಯವರು ಒಂದೆಡೆ ಸೇರಬಾರದೆಂದು ಆಜ್ಞೆ ಹೊರಡಿಸಿತ್ತು. ಮುದುಕಿಯೊಬ್ಬಳು ನೀರಿಗೆ ಹೋದರೆ ಯಾರು ಕೇಳುತ್ತಾರೆ? ಇವತ್ತು ಮಟಮಟ ಮಧ್ಯಾಹ್ನ ಕೊಡದಲ್ಲಿ ತಂತಿಯ ಯಂತ್ರ ಇಟ್ಟುಕೊಂಡು ತಳದ ಕಟ್ಟೆಗೆ ಇಳಿದೆ. ಬಿಷ್ಟಪ್ಪ ಮಾಡಿಕೊಟ್ಟ ತಗಡಿನ ಕಹಳೆಯನ್ನು ಮೇಲಕ್ಕೆ ತಿರುಗಿಸಿ ಗುಂಡಿ ಒತ್ತಿದೆ.

ನಾಂದಿ ಹಾಡಿಗೇ ಬಾಗಿಲುಗಳು ತೆರೆದವು. ಜನ ಕಿವಿ ಮುಚ್ಚಿಕೊಂಡು ಅಂತಸ್ತಿನ ಅಂಚಿನ ಕಟಾಂಜನದ ಹತ್ತಿರ ಬಂದು ಕೆಳಗೆ ನೋಡಿದರು. ನನ್ನ ಮನೆಯ ಮೇಲಿನ ಅಂತಸ್ತಿನ ಈರಪ್ಪ, ನನ್ನ ಪೇಟಿಯ ಮೇಲೆ ಮಂಡಳಿಗೆ ದೂರು ಕೊಡುವುದನ್ನೇ ಉದ್ಯೋಗ ಮಾಡಿಕೊಂಡವನು, ಚಪ್ಪಲಿ ಎಸೆದ. ನನ್ನ ಭುಜಕ್ಕೆ ತಾಗಿತು. ಎತ್ತಿ ಪಕ್ಕಕ್ಕಿಟ್ಟುಕೊಂಡು ಕೂತೆ. ಅಷ್ಟರಲ್ಲಿ ದೇಸಾಯಿಯ ಗೊರಕೆ ಹಾಡು ಬಂತು. ಯಾವುದೋ ಅಂತಸ್ತಿನಲ್ಲಿ ಒಬ್ಬಳು ಕಿಸಕ್ಕೆಂದಳು, ಎದುರಿನ ಗೋಡೆಯಲ್ಲಿ ಇನ್ನೊಬ್ಬ ನಕ್ಕ, ಆಮೇಲೆ ಖಣಿಯೇ ಗೊಳ್ಳೆಂದಿತು. ನಕ್ಕವರೇ ಬೆಚ್ಚಿ ಒಬ್ಬರ ಮುಖ ಒಬ್ಬರು ನೋಡಿದರು. ತಮಗೆ ನಗು ಬಂದ ಗಳಿಗೆಯಲ್ಲೇ ಬೇರೆಯವರಿಗೂ ನಗು ಬರುತ್ತದೆ ಎಂಬುದು ಅವರಿಗೆ ಹೊಸದು. ತಂತಿಯೊಳಗಿನ ನಮ್ಮ ಕೂಗು ಕೇಳಿಸಿತು, ಹಾಡು ಮರಳಿತು, ನಗು ಇಮ್ಮಡಿಯಾಯಿತು. ಕಿವಿಯ ಮೇಲಿನ ಕೈಗಳು ಒಂದೊಂದಾಗಿ ಇಳಿದವು. ಮಂಡಳಿಯವರು ಮೇಲಿನ ಮೆಟ್ಟಿಲಿನ ಹತ್ತಿರ ಸೇರುವುದು ಕಂಡಿತು. ಮೆಟ್ಟಿಲ ತುಂಬ ಜನ ಕೂತುಬಿಟ್ಟಿದ್ದರು, ದಾರಿ ಬಿಡಲು ಯಾರಿಗೂ ಅವಸರವಿರಲಿಲ್ಲ.

ಮೂರನೇ ಅಂಕ. ಹಸೀನಾಳ ದನಿ ಕಲ್ಲಿನ ಗೋಡೆ ಹಿಡಿದು ಏರಿತು.

ಒಡೆದ ಬಳೆಯ ಎಣಿಸಬ್ಯಾಡಿರಿ, ಉಳಿದ ಕೈಯ ನೋಡಿರೋ
ಬೆಂಕಿಯೊಳಗ ಹುಟ್ಟಿದವಳಿಗೆ ಬೆಂಕಿ ಭಯವೆ, ಹೇಳಿರೋ

ನನ್ನ ಪೇಟಿ ಗೊರಗೊರ ಎನ್ನುತ್ತ ಅವಳ ಹಿಂದೆ ಹಿಂದೆಯೇ ಹೋಯಿತು. ನಾನೇ ನುಡಿಸಿದ್ದನ್ನು ನಾನೇ ಮೊದಲ ಸಲ ಕೇಳಿದ ಹಾಗಾಯಿತು. ಕೊನೆಯ ಸ್ವರ, ಬಳೆ ಒಡೆಯುವ ಸದ್ದು, ಭಾಗೀರಥಿ ಬಿದ್ದಳು. ತಂತಿ ಮುಗಿಯಿತು. ನಾನು ಎರಡನೇ ಸುರುಳಿಯನ್ನು ಯಂತ್ರಕ್ಕೆ ಹಾಕಿ ಗುಂಡಿಯ ಮೇಲೆ ಬೆರಳಿಟ್ಟು ಕಾದೆ. ಯಾರೂ ಮಾತಾಡಲಿಲ್ಲ. ಅಯ್ಯೋ ಶಿವನೇ, ಅಂಥ ಮೌನವನ್ನು ಮಂಡಳಿ ಕೂಡ ಎಂದೂ ಹೊಂದಿಸಿರಲಿಲ್ಲ. ಒತ್ತಿಬಿಡಲೇ ಅನ್ನಿಸಿತು, ಒತ್ತಿದರೆ ಹಸೀನಾ ನನ್ನ ಮುಖ ನೋಡುವುದಿಲ್ಲ. ಮುಗಿಯಿತು, ಹುಡುಗಿ ಸತ್ತಳು ಎಂದುಕೊಂಡು ಬೆರಳು ತೆಗೆಯುವಷ್ಟರಲ್ಲಿ ಮೇಲೆಲ್ಲೋ ಯಾರೋ ಕೆಮ್ಮಿದರು. ಬಿಷ್ಟಪ್ಪನಲ್ಲ, ಅವನು ಬಾಯಿಗೆ ಬಟ್ಟೆ ತುರುಕಿಕೊಂಡಿದ್ದನೆಂದು ಅವನ ಹೆಂಡತಿಯೇ ಹೇಳಿದ್ದಾಳೆ. ನಿಜವಾದ ಕೆಮ್ಮು ಅದು, ಗಂಟಲು ಸರಿಮಾಡಿಕೊಳ್ಳುವ ಕೆಮ್ಮು. ಹಿಂದೆಯೇ ಒಂದು ಒಡಕು ದನಿ: "ಒನ್ಸ್ ಮೋರ್!"

ತಲೆ ಎತ್ತಿ ನೋಡಿದೆ. ಈರಪ್ಪ! ಒಂದೇ ಕಾಲಿನಲ್ಲಿ ಚಪ್ಪಲಿ, ಮುಖವೆಲ್ಲ ನೀರು, ಕಟಾಂಜನ ಹಿಡಿದು ಬಾಗಿದ್ದಾನೆ. ಅವನ ಹಿಂದೆ ಇಡೀ ಖಣಿ ಕೂಗಿತು. ನಾನು ಒತ್ತಿದೆ. ಹಸೀನಾ ಎದ್ದಳು.

ಇದನ್ನು ಬರೆಯುವಾಗ ಸಂಜೆಯಾಗಿದೆ. ಪೇಟಿ ಒಯ್ದರು. ಕಂಪನಿಗೆ ಬೀಗ ಬಿತ್ತು. ತೇಜೋವತಿಯೇ ಬಂದು ಬೀಗ ಹಾಕಿದಳು, ನನ್ನ ಕಣ್ಣು ನೋಡಲಿಲ್ಲ. ನಮ್ಮವ್ವನ ಪೇಟಿಯನ್ನು ನಾಲ್ಕು ಜನ ಹೊತ್ತು ಮೆಟ್ಟಿಲೇರುವುದನ್ನು ನೋಡಿ ಅತ್ತುಬಿಟ್ಟೆ, ಅದನ್ನು ಮುಚ್ಚಿಡುವುದೇಕೆ? ಆದರೆ ನನ್ನಿಂದ ತಪ್ಪೊಪ್ಪಿಗೆ ಕೇಳಿದಾಗ ಕೊಡಲಿಲ್ಲ, ಕೊಡುವುದೂ ಇಲ್ಲ. ಈಗ ಹೊರಗೆ ಒಂದು ಸದ್ದು ಕೇಳುತ್ತಿದೆ. ಮೊದಲು ಗುರುತು ಹತ್ತಲಿಲ್ಲ. ಯಾರೋ ಮೆತ್ತಮಣೆ ಬಿಸಾಕಿ ಬರಿಗಲ್ಲಿನ ಮೇಲೆ ರೊಟ್ಟಿ ಬಡಿಯುತ್ತಿದ್ದಾರೆ. ಒಬ್ಬರಲ್ಲ, ಎಲ್ಲ ಅಂತಸ್ತುಗಳಲ್ಲೂ. ಬೀಗ ಹಾಕಬೇಕಾದರೆ ಮಂಡಳಿ ಇನ್ನು ಊರಿನ ಅಡಿಗೆಮನೆಗಳಿಗೆಲ್ಲ ಹಾಕಬೇಕು.

ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನೀವು ಆ ನಾಟಕಕ್ಕೆ ಇನ್ನೂ ಹೋಗಿರದಿದ್ದರೆ, ನೆಗಡಿಯಿದೆ ಎಂದು ಮನೆಯಲ್ಲಿ ಉಳಿಯಬೇಡಿ. ಯಾರಾದರೂ ತಡೆದರೆ ಕೇಳಬೇಡಿ. ಮೊಬೈಲನ್ನು ಮರೆಯದೆ ಒಯ್ಯಿರಿ, ಶೇಂಗಾ ಮಾರುವವನನ್ನು ಗದರಬೇಡಿ. ಮೂರನೇ ಅಂಕದಲ್ಲಿ ಕೆಮ್ಮು ಬಂದರೆ ಧಾರಾಳವಾಗಿ ಕೆಮ್ಮಿ. ಭಾಗೀರಥಿ ಬಿದ್ದಾಗ ಸುತ್ತಲೂ ಎಲ್ಲರೂ ಸುಮ್ಮನಿರುತ್ತಾರೆ, ಯಾರಾದರೂ ನಕ್ಕಾರು ಎಂದು ನಿಮಗೂ ನಾಚಿಕೆಯಾಗುತ್ತದೆ. ಆಗ ಕೂಗಿ. ಒಬ್ಬರೇ ಆದರೂ ಕೂಗಿ. ಹಿಂತಿರುಗಿ ನೋಡಬೇಡಿ, ಹಿಂದೆ ನಾವಿದ್ದೇವೆ.

ಇಂತಿ,
ಕಾಶವ್ವ
ಪೇಟಿ ಇಲ್ಲದ ಪೇಟಿ ಮಾಸ್ತರು